ನಿಮ್ಮ ಲೇಖನ ಎಂಟನೇ ಪ್ಯಾರಾದಿಂದ ಶುರುವಾಗಲಿ

ನಮಸ್ಕಾರ. ನೀವು ಕಳಿಸಿದ ‘ಪುಟ್ಟ ಕಾಂತಗಳ ಅದ್ಭುತ ಲೋಕ’ ಲೇಖನ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ತುಂಬಾ ಒಳ್ಳೆಯದು, ಕನ್ನಡದಲ್ಲಿ ಇದರ ಬಗ್ಗೆ ಓದಲು ಸಿಗುವುದು ಕಡಿಮೆ. ಹಾಗಾಗಿ ‘ವಿಷಾದಿಸುತ್ತೇವೆ’ ಎಂದು ಎರಡು ಸಾಲು ಬರೆದು ಸುಮ್ಮನಾಗಲು ಮನಸ್ಸು ಬರಲಿಲ್ಲ. ಸ್ವಲ್ಪ ನೇರವಾಗಿಯೇ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲ ಏಳು ಪ್ಯಾರಾಗಳಲ್ಲಿ ಏನಿದೆ ನೋಡಿ. ನಾಳೆಯ ಕಂಪ್ಯೂಟರ್, ಮೆದುಳಿನ ಹಾಗೆ ಕೆಲಸ ಮಾಡುವ ಚಿಪ್, ಕರೆಂಟ್ ಉಳಿತಾಯ, ಕ್ರಾಂತಿ. ಇವೆಲ್ಲ ಸುಳ್ಳು ಅಂತಲ್ಲ. ಆದರೆ ಇದೇ ಏಳು ಪ್ಯಾರಾಗಳನ್ನು ಗ್ರಾಫೀನ್ ಬಗ್ಗೆಯೂ ಬರೆಯಬಹುದಿತ್ತು, ಇನ್ನೊಂದರ ಬಗ್ಗೆಯೂ ಬರೆಯಬಹುದಿತ್ತು. ಎಂಟನೇ ಪ್ಯಾರಾದಲ್ಲಿ ಒಂದು ಸಾಲು ಬರುತ್ತದೆ: ‘ಈ ಕಾಂತಗಳ ನಡುವಿನ ಸೆಳೆತವನ್ನು ಲೇಸರ್ ಬೆಳಕಿನಿಂದ ಅಳೆಯುತ್ತಾರೆ.’ ಅಲ್ಲಿಗೆ ಬಂದಾಗ ನೆಟ್ಟಗೆ ಕೂತೆ. ಹೇಗೆ ಅಳೆಯುತ್ತಾರೆ? ನೀವು ಹೇಳಲೇ ಇಲ್ಲ. ಮುಂದಿನ ಸಾಲಿನಲ್ಲಿ ಮತ್ತೆ ಚಿಪ್‌ಗೆ ಹಾರಿಬಿಟ್ಟಿದ್ದೀರಿ.

ಆ ‘ಹೇಗೆ’ ಎನ್ನುವುದೇ ನಿಮ್ಮ ಲೇಖನ. ಅಲ್ಲಿಂದಲೇ ಶುರು ಮಾಡಿ, ಅದೂ ಓದುವವರಿಗೆ ತಟ್ಟನೆ ಏಳುವ ಅನುಮಾನದಿಂದ. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಷಿಫರ್ ಅವರ ತಂಡ 2006ರಲ್ಲಿ ಪ್ರಕಟಿಸಿದ, ಪುಟ್ಟ ಕಾಂತಗಳನ್ನು ಚೌಕಳಿಯಾಗಿ ಜೋಡಿಸಿ ಮಾಡಿದ ಕೃತಕ ಸ್ಪಿನ್ ಐಸ್‌ನ ಕಾಂತಗಳು 220 ನ್ಯಾನೋಮೀಟರ್ ಉದ್ದ, 80 ಅಗಲ, 25 ದಪ್ಪ. ನಿಕಲ್ ಮತ್ತು ಕಬ್ಬಿಣ ಸೇರಿದ ಪರ್ಮಲಾಯ್‌ನಿಂದ ಮಾಡಿದ್ದು. ಅಂದರೆ ಕಾಂತ ಬೆಳಕಿನ ಅಲೆಗಿಂತ ಚಿಕ್ಕದು. ಮಾಮೂಲಿ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಇಷ್ಟು ಚಿಕ್ಕ ವಿವರಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ಅವರು ಬಳಸಿದ್ದು ಬೆಳಕನ್ನಲ್ಲ, ಕಾಂತೀಯ ಸೂಜಿಯ ಸೂಕ್ಷ್ಮದರ್ಶಕವನ್ನು. ಸೂಜಿಯ ತುದಿ ಮೇಲ್ಮೈ ಉದ್ದಕ್ಕೂ ಸಾಗುತ್ತಾ ಒಂದೊಂದು ಕಾಂತದ ದಿಕ್ಕನ್ನೂ ಹೇಳುತ್ತದೆ. ನಿಮ್ಮ ಲೇಖನದಲ್ಲಿ ‘ಲೇಸರ್ ಪ್ರತಿಯೊಂದು ಕಾಂತದ ಫೋಟೋ ತೆಗೆಯುತ್ತದೆ’ ಎಂದಿದೆ. ಅದು ತಪ್ಪು, ತೆಗೆಯಿರಿ.

ಹಾಗಾದರೆ ಬೆಳಕಿನಿಂದ ಏನು ಪ್ರಯೋಜನ? ಇಲ್ಲಿ ನಿಧಾನವಾಗಿ ಬರೆಯಿರಿ, ಜಾಗ ಎಷ್ಟು ಬೇಕಾದರೂ ತಗೊಳ್ಳಿ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಕಾಂತದ ಮೇಲೆ ಬಿಟ್ಟರೆ, ವಾಪಸ್ ಬರುವ ಬೆಳಕಿನ ಕಂಪನದ ದಿಕ್ಕು ಸ್ವಲ್ಪವೇ ತಿರುಗಿರುತ್ತದೆ, ಒಂದು ಡಿಗ್ರಿಗಿಂತ ಎಷ್ಟೋ ಕಡಿಮೆ. ಕಾಂತದ ಉತ್ತರ ದಕ್ಷಿಣ ಅದಲುಬದಲಾದರೆ ಈ ತಿರುಗುವಿಕೆಯೂ ಆ ಕಡೆಯಿಂದ ಈ ಕಡೆಗೆ ಬದಲಾಗುತ್ತದೆ. ಇದನ್ನು ನೀವು ಫ್ಯಾರಡೆ ಹೆಸರಿಗೆ ಬರೆದಿದ್ದೀರಿ. ಫ್ಯಾರಡೆ 1845ರಲ್ಲಿ ಲಂಡನ್ನಿನಲ್ಲಿ ತೋರಿಸಿದ್ದು ಗಾಜಿನೊಳಗೆ ಹಾದುಹೋಗುವ ಬೆಳಕಿನಲ್ಲಿ. ಕಾಂತದಿಂದ ಪ್ರತಿಫಲಿಸಿದ ಬೆಳಕಿನಲ್ಲಿ ಇದನ್ನು ಕಂಡವರು ಜಾನ್ ಕೆರ್, 1876ರಲ್ಲಿ, ಗ್ಲಾಸ್ಗೋದ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಹೊಳಪು ಕೊಟ್ಟ ವಿದ್ಯುತ್ಕಾಂತದ ತುದಿಯೇ ಅವರ ಕನ್ನಡಿ. ಇಂಥವರಿಗೆ ಒಂದು ಸಾಲು ಮೀಸಲಿಡಿ.

ಈಗ ಲೆಕ್ಕ. ಲೇಸರ್ ಚುಕ್ಕೆ 10 ಮೈಕ್ರೋಮೀಟರ್ (ಅಂದರೆ 10,000 ನ್ಯಾನೋಮೀಟರ್) ಅಗಲ ಇದ್ದು, ಕಾಂತಗಳು 400 ನ್ಯಾನೋಮೀಟರಿಗೊಂದರಂತೆ ಚೌಕಳಿಯಾಗಿ ಕೂತಿದ್ದರೆ, ಚುಕ್ಕೆಯೊಳಗೆ 500ರ ಹತ್ತಿರ ಕಾಂತಗಳಿರುತ್ತವೆ. ಡಿಟೆಕ್ಟರ್‌ಗೆ ಸಿಗುವುದು ಅವೆಲ್ಲದರ ಒಟ್ಟು ಮೊತ್ತ. ಒಂದರ ಸುದ್ದಿಯೂ ಪ್ರತ್ಯೇಕವಾಗಿ ಸಿಗುವುದಿಲ್ಲ. ಆದರೂ ಅವುಗಳ ನಡುವಿನ ಸೆಳೆತ ಗೊತ್ತಾಗುತ್ತದೆ, ಯಾಕೆಂದರೆ ಹೊರಗಿನ ಕಾಂತಕ್ಷೇತ್ರವನ್ನು ನಿಧಾನಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಯಿಸುತ್ತಾ ಹೋದಾಗ ಈ ಮೊತ್ತ ಎಲ್ಲಿ ಬೀಳುತ್ತದೆ, ಒಮ್ಮೆಲೇ ಬೀಳುತ್ತದೋ ಜಾರುತ್ತಾ ಬೀಳುತ್ತದೋ ಎಂಬುದು ಅಕ್ಕಪಕ್ಕದ ಕಾಂತಗಳ ಮೇಲೂ ನಿಂತಿದೆ. ಅದೇ ಅಳತೆಯ ಕಾಂತಗಳನ್ನು ದೂರ ದೂರ ಇಟ್ಟು ಒಂದು ಸಲ ಅಳೆಯುತ್ತಾರೆ, ಹತ್ತಿರ ಹತ್ತಿರ ಇಟ್ಟು ಇನ್ನೊಂದು ಸಲ. ಹೊರಗಿನ ಕ್ಷೇತ್ರ ಬದಲಾದಂತೆ ಮೊತ್ತ ಹೇಗೆ ಬದಲಾಗುತ್ತದೆ ಎಂದು ತೋರಿಸುವ ಗ್ರಾಫ್ ಅನ್ನು ಹಿಸ್ಟೆರಿಸಿಸ್ ಲೂಪ್ ಎನ್ನುತ್ತಾರೆ. ಇಂಥ ಎರಡು ಲೂಪ್‌ಗಳ ನಡುವಿನ ವ್ಯತ್ಯಾಸದಲ್ಲೇ ಸೆಳೆತದ ಸುಳಿವಿದೆ. ಕೇಂಬ್ರಿಜ್‌ನಲ್ಲಿ ರಸೆಲ್ ಕೌಬರ್ನ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲೇ ನ್ಯಾನೋಕಾಂತಗಳ ಸಾಲುಗಳನ್ನು ಹೀಗೆ ಕೆರ್ ಪರಿಣಾಮದಿಂದ ಅಳೆದಿದ್ದರು.

‘ಕಾಂತಗಳು ಪಕ್ಕದ ಮನೆಯವರ ಹಾಗೆ ಮಾತಾಡಿಕೊಳ್ಳುತ್ತವೆ’ ಎಂಬ ನಿಮ್ಮ ಹೋಲಿಕೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಇಲ್ಲಿ ದಾರಿ ತಪ್ಪಿಸುತ್ತದೆ. ಮಾತಿಗೆ ದಿಕ್ಕಿಲ್ಲ, ಈ ಸೆಳೆತಕ್ಕೆ ದಿಕ್ಕೇ ಮುಖ್ಯ. ಉದ್ದನೆಯ ಕಾಂತಗಳನ್ನು ತುದಿಗೆ ತುದಿ ಇಟ್ಟರೆ ಎಲ್ಲವೂ ಒಂದೇ ಕಡೆ ಮುಖ ಮಾಡಲು ನೋಡುತ್ತವೆ, ತಿರುಗಿದರೆ ಒಂದರ ಹಿಂದೆ ಒಂದು ಪಟಪಟ ತಿರುಗುತ್ತವೆ, ಲೂಪ್ ಚೂಪಾಗಿ ಬೀಳುತ್ತದೆ. ಅದೇ ಕಾಂತಗಳನ್ನು ಪಕ್ಕಕ್ಕೆ ಪಕ್ಕ ಇಟ್ಟರೆ ಒಂದಕ್ಕೊಂದು ಎದುರು ದಿಕ್ಕು ಬೇಕು, ಆಗ ಲೂಪ್ ಓರೆಯಾಗಿ ಜಾರುತ್ತದೆ. ಶಾಲೆಯಲ್ಲಿ ಎರಡು ಬಾರ್ ಮ್ಯಾಗ್ನೆಟ್ ಹಿಡಿದು ಆಡಿದವರಿಗೆಲ್ಲ ಇದು ಕೈಯಲ್ಲೇ ಗೊತ್ತಿದೆ, ಅಲ್ವಾ? ಅದನ್ನೇ ನೆನಪಿಸಿ, ಹೋಲಿಕೆಯೇ ಬೇಕಾಗುವುದಿಲ್ಲ. ಇನ್ನೊಂದು, ಸೆಳೆತ ‘ದೂರದ ವರ್ಗಕ್ಕೆ ತಕ್ಕಂತೆ’ ಕಡಿಮೆಯಾಗುತ್ತದೆ ಎಂದಿದ್ದೀರಿ. ಎರಡು ಧ್ರುವಗಳಿರುವ ಪುಟ್ಟ ಕಾಂತಗಳ ನಡುವಿನ ಶಕ್ತಿ ಕಡಿಮೆಯಾಗುವುದು ದೂರದ ಘನಕ್ಕೆ ತಕ್ಕಂತೆ: ದೂರ ಎರಡರಷ್ಟಾದರೆ ಎಂಟನೇ ಒಂದು ಪಾಲು. ತೀರಾ ಹತ್ತಿರ ಇದ್ದಾಗ ಆಕಾರವೂ ಲೆಕ್ಕಕ್ಕೆ ಬರುತ್ತದೆ ಎಂದು ಸೇರಿಸಿ.

ಬೇಗ ಬೇಗ ನಡೆಯುವ ವಿಷಯವೂ ಇದೆ. ತೀರಾ ಚುಟುಕು ಹೊಡೆತಗಳನ್ನು ಕೊಡುವ ಫೆಮ್ಟೋಸೆಕೆಂಡ್ ಲೇಸರ್‌ನ ಒಂದು ಹೊಡೆತ ಕಾಂತವನ್ನು ಅಲುಗಿಸುತ್ತದೆ, ಸ್ವಲ್ಪ ತಡವಾಗಿ ಬರುವ ಇನ್ನೊಂದು ಹೊಡೆತ ಅದು ಎಷ್ಟು ಅಲುಗಿತು ಎಂದು ಅಳೆಯುತ್ತದೆ. ಹತ್ತಿರವಿದ್ದರೆ ಕಾಂತಗಳೆಲ್ಲ ಒಟ್ಟಾಗಿ ಅಲುಗುತ್ತವೆ, ದೂರ ಸರಿಸಿದಂತೆ ತಮ್ಮ ಪಾಡಿಗೆ ತಾವು. ಕೋಲ್ಕತ್ತಾದ ಎಸ್. ಎನ್. ಬೋಸ್ ಕೇಂದ್ರದಲ್ಲಿ ಅಂಜನ್ ಬರ್ಮನ್ ಅವರ ಗುಂಪು ಈ ಕೆಲಸವನ್ನು ಬಹಳ ಮಾಡಿದೆ. ನಿಮ್ಮ ಲೇಖನದಲ್ಲಿ ಭಾರತದ ಒಂದು ಹೆಸರೂ ಇಲ್ಲ. ಇದನ್ನು ಒಂದು ಪ್ಯಾರಾದಲ್ಲಿ ಮುಗಿಸಿ, ಇಲ್ಲದಿದ್ದರೆ ಅದೇ ಬೇರೆ ಲೇಖನವಾಗುತ್ತದೆ.

ನನಗೆ ನಿಜಕ್ಕೂ ಸಂಕಟವಾದದ್ದು ನಿಮ್ಮ ಪತ್ರ ನೋಡಿ. ‘ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಕೆರ್ ಸೆಟಪ್ ಮೇಲೆ ಕೆಲಸ ಮಾಡಿದ್ದೆ, ಪಕ್ಕದ ರೂಮಿನ ಬಾಗಿಲು ಹಾಕಿದರೂ ಸಿಗ್ನಲ್ ಕುಣಿಯುತ್ತಿತ್ತು’ ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ಇಂಥ ಒಂದು ಸಾಲೂ ಇಲ್ಲ! ಅಷ್ಟು ಸಣ್ಣ ತಿರುವನ್ನು ಗದ್ದಲದೊಳಗಿಂದ ಹೇಗೆ ಹೆಕ್ಕಿ ತೆಗೆದಿರಿ, ಎಷ್ಟು ಲೂಪ್‌ಗಳನ್ನು ಕೂಡಿಸಿ ಸರಾಸರಿ ತೆಗೆದ ಮೇಲೆ ಆಕಾರ ಮೂಡಿತು, ಪೋಲರೈಸರ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ಯಾವ ಕೋನದಲ್ಲಿತ್ತು, ಇದನ್ನೆಲ್ಲ ಹೇಳಬಲ್ಲವರು ನಿಮ್ಮಂಥವರೇ. ಚಿಪ್ ಬಗ್ಗೆ ಬರೆಯಲು ಬೇಕಾದಷ್ಟು ಜನ ಇದ್ದಾರೆ.

ಚಿಪ್ ಪೂರ್ತಿ ಬಿಡಬೇಕಾಗಿಲ್ಲ, ಕೊನೆಯಲ್ಲಿ ಮೂರು ಸಾಲು ಸಾಕು. ಸಾವಿರದ ಇನ್ನೂರು ಪದದೊಳಗೆ ಮತ್ತೆ ಬರೆದು ಕಳಿಸಿ. ಜೊತೆಗೆ ನಿಮ್ಮ ಗೈಡ್ ಒಪ್ಪಿದರೆ ನೀವೇ ಅಳೆದ ಎರಡು ಲೂಪ್‌ಗಳ ಗ್ರಾಫ್ ಇರಲಿ, ಒಂದು ಕಾಂತಗಳು ದೂರ ಇರುವಾಗಿನದು, ಇನ್ನೊಂದು ಹತ್ತಿರ ಇರುವಾಗಿನದು. ಕಾಂತಗಳ ಅಂತರ ಎಷ್ಟು ಎಂದು ಗ್ರಾಫ್ ಮೇಲೆಯೇ ಬರೆಯಿರಿ.