ಮುಖಪುಟದಲ್ಲಿ ಬುದ್ಧ ಎಲ್ಲಿ?

ಪತ್ರದ ಸಾರ: ಬುದ್ಧ ಪೂರ್ಣಿಮೆಯ ಸಂಚಿಕೆಗೆ ಖಾಲಿ ಪೀಠ, ಕೊಡೆ, ಎರಡು ಪಾದದ ಗುರುತು ಇರುವ ಮುಖಪುಟ ಮಾಡಿದ್ದೀರಿ. ಬುದ್ಧನೇ ಇಲ್ಲ! ನಮ್ಮ ಮಕ್ಕಳಿಗೆ ಬುದ್ಧನ ವಿಚಾರದ ಮೇಲೆ ಚಿತ್ರ ಬರೆಯಿರಿ ಅಂದರೆ ಎಲ್ಲರೂ ಕಣ್ಣು ಮುಚ್ಚಿದ ಒಂದೇ ಮುಖ ಬರೆಯುತ್ತಾರೆ. ಅದನ್ನೇ ಅಂದವಾಗಿ ಬರೆಯೋಕೆ ಕಲಿಸಿದರೆ ಸಾಲದೇ? ಅಷ್ಟಕ್ಕೂ ನಮ್ಮ ಕೋಲಾರಕ್ಕೂ ಬುದ್ಧನಿಗೂ ಏನು ನಂಟು?
– ಚಿತ್ರಕಲಾ ಶಿಕ್ಷಕರೊಬ್ಬರು, ಮಾಲೂರು ತಾಲ್ಲೂಕು

ಸಂಪಾದಕರ ಉತ್ತರ:

ಪ್ರಿಯ ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಸಿಟ್ಟು ಸ್ವಲ್ಪ, ಕುತೂಹಲ ಜಾಸ್ತಿ. ಹಾಗಾಗಿ ಈ ಸಲ ಎರಡು ಸಾಲಿನಲ್ಲಿ ಮುಗಿಸುವುದಿಲ್ಲ.

ಮುಖಪುಟ ನಮ್ಮ ಕಲಾವಿದರ ತರಲೆ ಅಲ್ಲ. ಸಾಂಚಿಯ ದೊಡ್ಡ ಸ್ತೂಪದ ತೋರಣಗಳನ್ನು, ಅಂದರೆ ಕಲ್ಲಿನ ಹೆಬ್ಬಾಗಿಲುಗಳನ್ನು, ಕ್ರಿಸ್ತಪೂರ್ವ 1ನೇ ಶತಮಾನದ ಹೊತ್ತಿಗೆ ಕೆತ್ತಿದರು. ಬುದ್ಧನ ಬದುಕಿನ ಕಥೆಗಳು ಅಲ್ಲಿ ತುಂಬಿ ತುಳುಕುತ್ತವೆ. ಆ ಕಥೆಗಳಲ್ಲಿ ಬುದ್ಧನ ಆಕೃತಿ ಮಾತ್ರ ಇಲ್ಲ. ಪೂರ್ವದ ತೋರಣದಲ್ಲಿ ಸಿದ್ಧಾರ್ಥ ಅರಮನೆ ಬಿಟ್ಟು ಹೊರಡುವ ದೃಶ್ಯವಿದೆ. ಒಂದೇ ಪಟ್ಟಿಯಲ್ಲಿ ಕಂಥಕ ಕುದುರೆ ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನ ಮೇಲೆ ಯಾರೂ ಇಲ್ಲ, ಆದರೂ ಮೇಲೆ ಕೊಡೆ ಹಿಡಿದಿದ್ದಾರೆ. ಪಟ್ಟಿಯ ತುದಿಗೆ ಬಂದರೆ ಒಂದು ಜೊತೆ ದೊಡ್ಡ ಪಾದದ ಗುರುತು. ಕೊಡೆ ಈಗ ಅದರ ಮೇಲಿದೆ. ಅಲ್ಲಿಂದ ಕುದುರೆ ಊರ ಕಡೆ ವಾಪಸ್ಸು ಹೊರಟಿದೆ, ಕೊಡೆ ಇಲ್ಲದೆ. ಯಾವ ಕುದುರೆ ಹೋಗುತ್ತಿದೆ, ಯಾವುದು ಬರಿಗೈಯಲ್ಲಿ ಬರುತ್ತಿದೆ ಅನ್ನುವುದನ್ನು ಆ ಕೊಡೆ ನೋಡಿಯೇ ತಿಳಿಯಬೇಕು.

ಯಾಕೆ ಹೀಗೆ ಕೆತ್ತಿದರು? ವಿದ್ವಾಂಸರಲ್ಲಿ ಇನ್ನೂ ಜಗಳ ಇದೆ. ನಿರ್ವಾಣ ಪಡೆದವನಿಗೆ ಆಕಾರ ಕೊಡಲು ಮನಸ್ಸಾಗದೆ ಹೀಗೆ ಮಾಡಿದರು ಅನ್ನುತ್ತಾರೆ ಕೆಲವರು. ಪೀಠ, ಮರ, ಪಾದ ಇವೆಲ್ಲ ಜನ ಯಾತ್ರೆ ಹೋಗಿ ಕೈಮುಗಿಯುತ್ತಿದ್ದ ಜಾಗಗಳ ಚಿತ್ರ, ಅಷ್ಟೇ ಅನ್ನುತ್ತಾರೆ ಇನ್ನು ಕೆಲವರು. ಕಾರಣ ಏನೇ ಇರಲಿ, ಕೆತ್ತಿದವರ ಕೈಗೆ ಒಂದು ಒಳ್ಳೆಯ ಉಪಾಯ ಸಿಕ್ಕಿತು. ನಾನು, ನನ್ನದು ಅಂತ ಗಟ್ಟಿಯಾಗಿ ಹಿಡಿದುಕೊಳ್ಳಲು ಬದಲಾಗದ ವಸ್ತು ಯಾವುದೂ ಇಲ್ಲ ಅನ್ನುವ ಮಾತನ್ನು ಮುಖ ಕೆತ್ತಿ ಹೇಳುವುದು ಕಷ್ಟ. ಕುದುರೆಯ ಬೆನ್ನು ಖಾಲಿ ಬಿಟ್ಟರೆ ಹೇಳಬಹುದು.

ನಮ್ಮ ರಾಜ್ಯದಲ್ಲೇ ನೋಡಿ. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ, ಭೀಮಾ ದಡದ ಕನಗನಹಳ್ಳಿಯಲ್ಲಿ ಸ್ತೂಪದ ಅವಶೇಷ ಸಿಕ್ಕಿದೆ. ಅಲ್ಲಿ ಅಶೋಕ ಚಕ್ರವರ್ತಿಯ ಉಬ್ಬುಶಿಲ್ಪ ಇದೆ. ಪಕ್ಕದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ‘ರಾಯೊ ಅಸೋಕೊ’ ಅಂತ ಹೆಸರನ್ನೂ ಕೊರೆದಿದ್ದಾರೆ. ಅದೇ ಜಾಗದಲ್ಲಿ ಬುದ್ಧನ ಪಾದದ ಕಲ್ಲುಗಳೂ ಸಿಕ್ಕಿವೆ. ರಾಜನಿಗೆ ಮುಖವೂ ಬೇಕು, ಹೆಸರೂ ಬೇಕು. ಆ ಕಲ್ಲುಗಳಲ್ಲಿ ಬುದ್ಧನಿಗೆ ಪಾದ ಸಾಕು. ಇದು ಕಾಕತಾಳೀಯ ಇರಬಹುದು, ನನಗಂತೂ ಬಹಳ ಹಿಡಿಸಿತು.

ಇದನ್ನು ತರಗತಿಯಲ್ಲಿ ಹೇಳಿದ ಮರುದಿನ ಒಬ್ಬ ಹುಡುಗ ಬಿಳಿ ಹಾಳೆ ತಂದು ‘ಇದು ಶೂನ್ಯ ಸಾರ್’ ಅನ್ನುತ್ತಾನೆ. ಗ್ಯಾರಂಟಿ. ಅವನಿಗೆ ಮಾರ್ಕ್ಸ್ ಕೊಡಬೇಡಿ. ಕುದುರೆ, ಕೊಡೆ, ಕೊಡೆ ಹಿಡಿದ ಆಳು ಎಲ್ಲರನ್ನೂ ಬರೆದ ಮೇಲೆ ಬಿಟ್ಟ ಜಾಗ ಬೇರೆ, ಏನೂ ಬರೆಯದೆ ಬಿಟ್ಟ ಜಾಗ ಬೇರೆ.

ಹಾಗಂತ ಮುಖ ಬರೆಯಲೇಬಾರದು ಅಂತಲ್ಲ. ಕ್ರಿಸ್ತಶಕದ ಮೊದಲ ಎರಡು ಶತಮಾನಗಳಲ್ಲಿ ಗಾಂಧಾರ ಮತ್ತು ಮಥುರಾದ ಶಿಲ್ಪಿಗಳು ಬುದ್ಧನಿಗೆ ಮೈ ಕೊಟ್ಟರು. ಅದು ಎಷ್ಟು ಬಗೆ ಅಂತೀರಿ! ಲಾಹೋರ್ ಮ್ಯೂಸಿಯಂನಲ್ಲಿ ಉಪವಾಸದ ಸಿದ್ಧಾರ್ಥನ ಗಾಂಧಾರ ಶಿಲ್ಪ ಇದೆ. ಪಕ್ಕೆಲುಬು ಎಣಿಸಬಹುದು, ಕಣ್ಣು ಗುಳಿ ಬಿದ್ದಿದೆ. ಮೈಯನ್ನು ದಂಡಿಸಿ ಪ್ರಯೋಜನವಿಲ್ಲ ಅಂತ ಅವನು ಆಮೇಲೆ ಹೇಳಿದ್ದು ಆ ಹೊಟ್ಟೆ ನೋಡಿದರೆ ಅರ್ಥವಾಗುತ್ತದೆ. ಥಾಯ್ಲೆಂಡಿನ ಸುಖೋಥಾಯ್ ಶಿಲ್ಪಿಗಳು ನಡೆಯುವ ಬುದ್ಧನನ್ನು ಮಾಡಿದರು. ಒಂದು ಹಿಮ್ಮಡಿ ನೆಲ ಬಿಟ್ಟಿರುತ್ತದೆ. ಈ ಎರಡು ಫೋಟೋ ತೋರಿಸಿ, ಸಾಕು. ಬರೀ ತಲೆ ಬರೆಯುವ ಚಾಳಿ ಹೋಗುತ್ತದೆ. ಅಂದಹಾಗೆ, ಶೋಕೇಸಿನಲ್ಲಿ ಇಡುವ ಬುದ್ಧನ ತಲೆ ಇದೆಯಲ್ಲ, ಅದನ್ನು ಆ ರೂಪಕ್ಕೆ ತಂದವರಲ್ಲಿ ಕಳ್ಳರ ಪಾಲು ದೊಡ್ಡದು. ಚೀನಾದ ತಿಯಾನ್‌ಲೊಂಗ್‌ಶಾನ್ ಗುಹೆಗಳಲ್ಲಿ 1920ರ ದಶಕದಲ್ಲಿ ವಿಗ್ರಹಗಳ ತಲೆ ಕಡಿದು ಹೊರದೇಶಕ್ಕೆ ಮಾರಿದರು. ಮಾತು ಎಲ್ಲೋ ಹೋಯಿತು.

ನಿಮ್ಮ ಮಕ್ಕಳಿಗೆ ನಾನು ಮೊದಲು ತೋರಿಸುವುದಾದರೆ ಭವಚಕ್ರ, ಅಂದರೆ ಹುಟ್ಟು ಸಾವಿನ ಸುತ್ತನ್ನು ಚಕ್ರವಾಗಿ ತೋರಿಸುವ ಚಿತ್ರ. ಅಜಂತಾದ 17ನೇ ಗುಹೆಯ ಪಡಸಾಲೆಯಲ್ಲಿ ಇದರ ಹಳೆಯ, ಅರ್ಧ ಅಳಿಸಿದ ಚಿತ್ರ ಇದೆ. ಟಿಬೆಟಿನ ಮಠಗಳಲ್ಲಿ ಬಾಗಿಲ ಪಕ್ಕದ ಗೋಡೆಗೇ ಬರೆಯುತ್ತಾರೆ. ನಡುವಿನಲ್ಲಿ ಹಂದಿ, ಹುಂಜ, ಹಾವು ಒಂದರ ಬಾಲ ಒಂದು ಕಚ್ಚಿಕೊಂಡು ಸುತ್ತುತ್ತವೆ. ಅಜ್ಞಾನ, ಆಸೆ, ದ್ವೇಷ ಅಂತ ಲೆಕ್ಕ. ಹೊರಗಿನ ಬಳೆಯಲ್ಲಿ 12 ಪುಟ್ಟ ಚಿತ್ರಗಳು. ಕೋಲೂರಿ ತಡವರಿಸುವ ಕುರುಡ, ಗಡಿಗೆ ಮಾಡುವ ಕುಂಬಾರ, ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿ, ಕಣ್ಣಿಗೆ ಬಾಣ ಚುಚ್ಚಿಸಿಕೊಂಡವನು, ಕುಡಿಯುತ್ತಲೇ ಇರುವವನು, ಹಣ್ಣು ಕೀಳುವವನು. ಒಂದರಿಂದ ಒಂದು ಹುಟ್ಟುತ್ತದೆ. ಬಾಣ ತಾಗಿದ್ದೇ ನೋವು ಅಥವಾ ಸುಖ, ಅದರಿಂದ ಇನ್ನೂ ಬೇಕು ಅನ್ನುವ ಬಾಯಾರಿಕೆ, ಅದರಿಂದ ಕೀಳುವ ಕೈ. ಯಾವುದೂ ತಾನಾಗಿ ನಿಂತಿಲ್ಲ. ಪುಸ್ತಕದಲ್ಲಿ ಓದಿದರೆ ತಲೆ ತಿರುಗುವ ವಿಚಾರ ಇದು. ಗೋಡೆಯ ಮೇಲೆ ಓದು ಬಾರದವರಿಗೂ ತಿಳಿಯುತ್ತದೆ.

ಮಕ್ಕಳು ಈ 12ನ್ನು ನಕಲು ಮಾಡುವುದು ಬೇಡ. ತಾವು ಕಂಡದ್ದನ್ನು ಹಾಕಲಿ. ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಹಣ್ಣು ಕೀಳುವವನು ಸಿಗುತ್ತಾನೆ. ಟೊಮೆಟೊಗೆ ರೇಟು ಬಂದ ವರ್ಷ ಮಂಡಿಯಲ್ಲಿ ನಿಂತರೆ ಮೂರು ಪ್ರಾಣಿಗಳೂ ಒಟ್ಟಿಗೆ ಸಿಗುತ್ತವೆ.

ಇನ್ನೊಂದು ಕೆಲಸಕ್ಕೆ ಹಾಳೆಯೂ ಬೇಡ. ಟಿಬೆಟಿನ ಭಿಕ್ಷುಗಳು ಬಣ್ಣದ ಮರಳನ್ನು ಲೋಹದ ಸಣ್ಣ ಕೊಳವೆಯಿಂದ ಉದುರಿಸಿ ದಿನಗಟ್ಟಲೆ ಮಂಡಲ ಬರೆಯುತ್ತಾರೆ. ಮುಗಿದ ಮೇಲೆ ಪೂಜೆ ಮಾಡಿ, ಗುಡಿಸಿ, ನೀರಿಗೆ ಬಿಡುತ್ತಾರೆ. ನಮ್ಮ ಬಾಗಿಲ ರಂಗೋಲಿಯೂ ಹಾಗೇ ಅಳಿಯುತ್ತದೆ, ಆದರೆ ನಾಳೆ ಹೊಸದು ಹಾಕಬೇಕಲ್ಲ ಅಂತ ಗುಡಿಸುತ್ತೇವೆ. ಅಲ್ಲಿ ಗುಡಿಸುವುದೂ ಆಚರಣೆಯ ಒಂದು ಭಾಗ. ಶಾಲೆಯ ವರಾಂಡದಲ್ಲಿ ರಂಗೋಲಿ ಪುಡಿಯಿಂದಲೇ ಮಾಡಿಸಿ, ಸಂಜೆ, ಬರೆದವರೇ ಗುಡಿಸಲಿ. ಫೋಟೋ ತೆಗೆಯಬೇಕೋ ಬೇಡವೋ ಅಂತ ಜಗಳ ಶುರುವಾಗುತ್ತದೆ. ಆ ಜಗಳವನ್ನು ನಿಲ್ಲಿಸಬೇಡಿ.

ಕೋಲಾರದ ನಂಟು ಕೇಳಿದ್ದೀರಿ. ತಮಿಳುನಾಡಿನ ದಲಿತ ಚಿಂತಕ ಪಂಡಿತ ಅಯೋತಿದಾಸರು 1898ರಲ್ಲಿ ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಶಾಖೆ ನಮ್ಮ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಇತ್ತು. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವುದಕ್ಕೆ ದಶಕಗಳ ಮೊದಲೇ ಚಿನ್ನದ ಗಣಿಯ ಕಾರ್ಮಿಕರ ನಡುವೆ ಬುದ್ಧನ ಮಾತು ನಡೆಯುತ್ತಿತ್ತು. ಜಾತಿಯ ಅವಮಾನಕ್ಕೆ ಅವರು ಹುಡುಕಿಕೊಂಡ ಉತ್ತರ ಅದು. ಆ ಬುದ್ಧನನ್ನು ಬರೆಯಬೇಕಾದರೆ ಕಣ್ಣು ಮುಚ್ಚಿದ ಮುಖ ಸಾಲದು, ಅಲ್ವಾ?

ಕೊನೆಗೆ, ಶಿವಾರಪಟ್ಟಣ ನಿಮ್ಮ ತಾಲ್ಲೂಕೇ. ಒಂದು ಶನಿವಾರ ಮಕ್ಕಳನ್ನು ಅಲ್ಲಿನ ಶಿಲ್ಪಿಗಳ ಹತ್ತಿರ ಕರೆದುಕೊಂಡು ಹೋಗಿ. ಶ್ರೀಲಂಕಾದಲ್ಲಿ ಬುದ್ಧನ ವಿಗ್ರಹಕ್ಕೆ ಕಣ್ಣು ಬರೆಯುವವನು ನೇರವಾಗಿ ನೋಡುವುದಿಲ್ಲ, ಕನ್ನಡಿಯಲ್ಲಿ ನೋಡಿ ಬರೆಯುತ್ತಾನೆ. ಕಣ್ಣಿನ ಕೆಲಸ ಇಲ್ಲಿ ಹೇಗೆ, ಯಾವಾಗ ಅಂತ ಮಕ್ಕಳೇ ಕೇಳಲಿ.

ಚಿತ್ರಗಳನ್ನು ನಮಗೆ ಕಳಿಸಿ. ನಡುಪುಟ ನಿಮ್ಮ ಶಾಲೆಗೆ ಮೀಸಲು. ಮಡಚಬೇಡಿ, ಸುತ್ತಿ ಕಳಿಸಿ. ಹೆಸರು, ತರಗತಿ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆಸಿ. ಸ್ಕೆಚ್ ಪೆನ್ನಿನಲ್ಲಿ ಬರೆದರೆ ಮುಂದಕ್ಕೆ ಇಳಿಯುತ್ತದೆ.

– ಸಂಪಾದಕ