ಉತ್ತರ: ಚಂದ್ರನ ಮೇಲೆ ಬಾವುಟ ಹಾರಿದ್ದು ಹೇಗೆ?

ಮನುಷ್ಯ ಚಂದ್ರನ ಮೇಲೆ ಇಳಿದಿದ್ದೇ ಸುಳ್ಳು, ಗಾಳಿಯೇ ಇಲ್ಲದ ಕಡೆ ಬಾವುಟ ಹಾರಿದ್ದು ಹೇಗೆ ಅನ್ನೋ ಭಾವನಿಗೆ ಏನು ಹೇಳಲಿ ಅಂತ ಕೇಳಿದ್ದೀರಿ. ಅದು ಹಾರ್ತಾನೇ ಇರಲಿಲ್ಲ ಸರ್. 1969ರಲ್ಲಿ ಮೊದಲ ಸಲ ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಅಪೊಲೊ 11ರ ಬಾವುಟದ ಮೇಲಂಚಿಗೆ ಅಡ್ಡ ಕೋಲು ಪೋಣಿಸಿದ್ದರು. ಆ ಕೋಲು ಪೂರ್ತಿ ಚಾಚಿಕೊಳ್ಳದೆ ಬಟ್ಟೆ ಸುಕ್ಕಾಗಿ ನಿಂತಿತು. ಗಗನಯಾತ್ರಿ ಆಲ್ಡ್ರಿನ್ ಸೆಲ್ಯೂಟ್ ಹೊಡೆಯುವ ಎರಡು ಫೋಟೊ ಪಕ್ಕಪಕ್ಕ ಇಟ್ಟು ತೋರಿಸಿ, ಕೈ ಅಲುಗಿದೆ, ಸುಕ್ಕು ಮಿಸುಕಿಲ್ಲ.

ಇಷ್ಟಕ್ಕೇ ಸುಮ್ಮನಾಗೋರಲ್ಲ ಬಿಡಿ. ‘ಮತ್ತೆ ನಕ್ಷತ್ರ ಯಾಕಿಲ್ಲ?’ ಅಂತ ಶುರು ಹಚ್ಕೋತಾರೆ. (ಬಿಸಿಲಿಗೆ ಹೊಂದಿಸಿದ ಕ್ಯಾಮೆರಾದಲ್ಲಿ ನಕ್ಷತ್ರ ಮೂಡಲ್ಲ.) ಅವರ ಹಿಂದೆ ಓಡದೆ, ಬಾವುಟದ ಮಾತು ಒಪ್ಪಿದ್ರಾ ಅಂತ ಮೊದಲು ಕೇಳಿ. ನಾಸಾನೇ ನಂಬಲ್ಲ ಅಂದ್ರೆ, ಅಪೊಲೊ 11 ಇಳಿದ ಜಾಗವನ್ನು ನಮ್ಮ ಚಂದ್ರಯಾನ-2 ಕೂಡ ಸೆರೆಹಿಡಿದಿದೆ. ಇಸ್ರೋನೂ ಶಾಮೀಲು ಅಂದ್ರೆ, ‘ಏನು ತೋರಿಸಿದ್ರೆ ನಂಬ್ತೀರಿ ಭಾವ?’ ಅಂತ ಕೇಳಿ ಊಟಕ್ಕೆ ಏಳಿ.