ಮೊಣಕೈ ಹೋಗುವ ದಾರಿ

ಪ್ರಶ್ನೆ: ಸರ್, ನನಗೆ 26 ವರ್ಷ. ಎರಡು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಎದೆ, ಭುಜದ ಮುಂಭಾಗ ಚೆನ್ನಾಗಿ ಬಂದಿವೆ. ಪಕ್ಕದಿಂದ ತೆಗೆದ ಫೋಟೊದಲ್ಲಿ ಮಾತ್ರ ಭುಜದ ಹಿಂಭಾಗ ಚಪ್ಪಟೆ. ಬಗ್ಗಿ ನಿಂತು 10 ಕೆ.ಜಿ. ಡಂಬೆಲ್‌ಗಳನ್ನು ಪಕ್ಕಕ್ಕೆ ಎತ್ತುತ್ತೇನೆ, ನೋಯುವುದು ಕುತ್ತಿಗೆ! ಭಾರವನ್ನು ಮೈಯತ್ತ ಎಳೆಯುವ ರೋಯಿಂಗ್ ಕೂಡ ಮಾಡುತ್ತೇನೆ. ಯಾವ ವ್ಯಾಯಾಮ ಆರಿಸಿಕೊಳ್ಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಮ್ಮಾ, ಮೊದಲು ಆ 10 ಕೆ.ಜಿ. ವಾಪಸು ಇಟ್ಟು 3 ಕೆ.ಜಿ. ತಗೋ. ಪಕ್ಕದವರು ನಕ್ಕರೆ ನಗಲಿ. ನಾನು ಮೈಸೂರಿನ ಗರಡಿಯಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ದಂಡ ಹೊಡೆದು ಬೆಳೆದವನು. ದಂಡಕ್ಕೆ ಎದೆ, ಭುಜದ ಮುಂಭಾಗ, ತೋಳಿನ ಹಿಂಬದಿ ಗಟ್ಟಿಯಾಗುತ್ತವೆ. ಹಿಂಭುಜಕ್ಕೆ ಅದರಲ್ಲಿ ಕೆಲಸ ಕಡಿಮೆ. ಅಂಗಾತ ಮಲಗಿ ಭಾರ ಮೇಲಕ್ಕೆ ತಳ್ಳುವ ನಿನ್ನ ಬೆಂಚ್ ಪ್ರೆಸ್ಸಿನ ಕಥೆಯೂ ಅದೇ. ನಲವತ್ತು ದಾಟಿದ ಮೇಲೆ ಜಿಮ್ ಸೇರಿದಾಗ ನಾನೂ ದೊಡ್ಡ ಡಂಬೆಲ್ಲಿಗೇ ಕೈ ಹಾಕಿದೆ. ಸೊಂಟ ಜಗ್ಗಿ, ಮೈಯೆಲ್ಲ ತೂಗಿ, ಬಾವಿಯಿಂದ ಕೊಡ ಸೇದಿದ ಹಾಗೆ ಎತ್ತಿದ್ದೇ ಎತ್ತಿದ್ದು. ಮೂರು ತಿಂಗಳಲ್ಲಿ ದಪ್ಪವಾಗಿದ್ದು ಕುತ್ತಿಗೆಯ ಬುಡ.

ಹಿಂಭುಜದ ಸ್ನಾಯು ಬೆನ್ನ ಮೇಲಿನ ಹೆಗಲೆಲುಬಿನಿಂದ ಹೊರಟು ತೋಳಿನ ಮೂಳೆಯ ಹೊರಮೈಗೆ ಅಂಟಿದೆ. ಮೊಣಕೈ ಪಕ್ಕಕ್ಕೆ ಚಾಚಿದ್ದು ಅಲ್ಲಿಂದ ಹಿಂದಕ್ಕೆ ಹೋದಾಗ ಅದು ಚೆನ್ನಾಗಿ ದುಡಿಯುತ್ತದೆ. ಪಕ್ಕೆಗೆ ಒತ್ತಿಕೊಂಡೇ ಹಿಂದೆ ಹೋದರೆ ಹೆಚ್ಚಿನ ಕೆಲಸ ವಿಂಗ್ಸ್, ಅಂದರೆ ಬೆನ್ನಿನ ಎರಡೂ ಬದಿಯ ಅಗಲ ಸ್ನಾಯುಗಳ ಪಾಲು. ನೀನು ರೋಯಿಂಗ್ ಮಾಡುತ್ತಿರುವುದು ಬಹುಶಃ ಹೀಗೆಯೇ. ಯಾವ ವ್ಯಾಯಾಮವಾದರೂ ನಾನು ಮೊದಲು ನೋಡುವುದು ಮೊಣಕೈ ಹೋಗುವ ದಾರಿಯನ್ನು.

ನಿನಗೆ ಎರಡು ಸಾಕು. ಓರೆ ಬೆಂಚಿನ ಮೇಲೆ ಎದೆಯಿಟ್ಟು ಬೋರಲು ಮಲಗು. ಸೊಂಟ ಜಗ್ಗುವ ಕಳ್ಳಾಟಕ್ಕೆ ಅಲ್ಲಿ ಜಾಗವಿಲ್ಲ. ಮೊಣಕೈ ತುಸು ಮಡಿಚಿ, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ಡಂಬೆಲ್‌ಗಳನ್ನು ಭುಜದ ಮಟ್ಟಕ್ಕೆ ತಾ. ಹೆಗಲೆಲುಬುಗಳನ್ನು ಒಂದಕ್ಕೊಂದು ತಾಗಿಸುವ ಉತ್ಸಾಹ ಬೇಡ, ಬೆನ್ನು ಕೆಲಸ ಕಿತ್ತುಕೊಳ್ಳುತ್ತದೆ. ಹೆಗಲು ಕಿವಿಯ ಕಡೆ ಏರದಂತೆ ನೋಡಿಕೋ; ನಿನ್ನ ಕುತ್ತಿಗೆ ನೋವು ಬಹುಶಃ ಅಲ್ಲಿಂದಲೇ ಬಂದದ್ದು. ಇಳಿಸುವಾಗ ಧೊಪ್ಪನೆ ಬಿಡದೆ ಎರಡು ಎಣಿಸು. 15 ಸಲದ ಮೂರು ಸೆಟ್, ವಾರಕ್ಕೆ ಎರಡು ದಿನ.

ಇನ್ನೊಂದು ಫೇಸ್ ಪುಲ್. ಜಿಮ್ಮಿನ ಕೇಬಲ್ ಯಂತ್ರದ ಕೇಬಲನ್ನು ಮುಖದ ಎತ್ತರಕ್ಕೆ ಇಟ್ಟು, ಹಗ್ಗದ ಎರಡೂ ತುದಿ ಹಿಡಿದು ಕಿವಿಗಳತ್ತ ಎಳೆ. ಮೊಣಕೈ ಭುಜದ ಎತ್ತರದಲ್ಲೇ ಇರಲಿ. ಕೇಬಲ್ ಮುಂದೆ ಕ್ಯೂ ಇದ್ದರೆ ರಬ್ಬರ್ ಬ್ಯಾಂಡನ್ನು ಎದೆಯ ಮುಂದೆ ಹಿಡಿದು ಎರಡು ಕಡೆಗೂ ಎಳೆದರಾಯಿತು, ಮನೆಯಲ್ಲೂ ನಡೆಯುತ್ತದೆ.

ಎಲ್ಲ ಮುಗಿದು ಸುಸ್ತಾದ ಮೇಲೆ ಹಿಂಭುಜಕ್ಕೆ ಕೈ ಹಾಕುವವರೇ ಜಾಸ್ತಿ. ನೀನು ಬೆನ್ನಿನ ವ್ಯಾಯಾಮದ ದಿನ ಮೊದಲಿಗೇ ಮಾಡಿ ಮುಗಿಸು. ಕೈ ಜೋಮು ಹಿಡಿಯುತ್ತಿದ್ದರೆ, ರಾತ್ರಿ ಭುಜದ ನೋವಿಗೆ ಎಚ್ಚರವಾಗುತ್ತಿದ್ದರೆ ಮೊದಲು ಮೂಳೆ ಡಾಕ್ಟರಿಗೆ ತೋರಿಸು. ಇಲ್ಲದಿದ್ದರೆ ನಾಳೆಯೇ ಶುರು ಮಾಡು. ಫೋಟೊ ಮಾತ್ರ ಮೂರು ತಿಂಗಳು ತೆಗೀಬೇಡ.